ಸಿಂಹಾಸನ ಬಿಟ್ಟು ಮೊಹರು ಹಿಡಿದವನು: ನೇಪಾಳದ ಜಂಗ್ ಬಹದ್ದೂರ್

ಪ್ರಶ್ನೆ: ನೇಪಾಳದಲ್ಲಿ ರಾಜ ಇದ್ದರೂ ನೂರಕ್ಕೂ ಜಾಸ್ತಿ ವರ್ಷ ರಾಣಾ ಮನೆತನದ ಪ್ರಧಾನಮಂತ್ರಿಗಳೇ ದೇಶ ಆಳಿದರಂತೆ. ಅದೆಲ್ಲ ಜಂಗ್ ಬಹದ್ದೂರ್ ಅನ್ನುವವನು ಒಂದೇ ರಾತ್ರಿ ಮಾಡಿಸಿದ ಕೊಲೆಗಳಿಂದ ಶುರುವಾಯಿತು ಅಂತ ಓದಿದೆ. ಒಂದು ರಾತ್ರಿಯಲ್ಲಿ ಅಷ್ಟೆಲ್ಲ ಆಗಲು ಸಾಧ್ಯವಾ? ಅಷ್ಟು ಶಕ್ತಿ ಇದ್ದವನು ತಾನೇ ಸಿಂಹಾಸನ ಹತ್ತದೆ ಸುಮ್ನೆ ಮಂತ್ರಿಯಾಗಿ ಉಳಿದದ್ದು ಏಕೆ? ಕೊಡಗಿನ ರಾಜಕುಮಾರಿಯೊಬ್ಬಳನ್ನು ಆತ ಮದುವೆಯಾಗಿದ್ದ ಅನ್ನುವುದು ನಿಜವಾ?

ಉತ್ತರ: ಕೊಡಗಿನ ಮಾತು ಮೊದಲು ಮುಗಿಸುತ್ತೇನೆ. ಹೌದು, ನಿಜ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡು ಚಿಕ್ಕವೀರರಾಜೇಂದ್ರನನ್ನು ಗದ್ದುಗೆಯಿಂದ ಇಳಿಸಿದರು. ಊರು ಬಿಟ್ಟ ರಾಜ ಸಂಸಾರದ ಜೊತೆ ಕಾಶಿಯಲ್ಲಿದ್ದ. 1850ರಲ್ಲಿ ಜಂಗ್ ಬಹದ್ದೂರ್ ಇಂಗ್ಲೆಂಡಿಗೆ ಹೋಗಿದ್ದ. ಮರಳಿ ಬರುವಾಗ ಕಾಶಿಯಲ್ಲಿ ಈ ರಾಜನ ಒಬ್ಬ ಮಗಳನ್ನು ಮದುವೆಯಾಗಿ ಕಾಠ್ಮಂಡುವಿಗೆ ಕರೆದುಕೊಂಡು ಹೋದ. ಎರಡು ವರ್ಷದ ನಂತರ ಇನ್ನೊಬ್ಬ ಮಗಳು ಗೌರಮ್ಮ ತಂದೆಯ ಜೊತೆ ಲಂಡನ್ನಿಗೆ ಹೋದಳು. ಅಲ್ಲಿ ಕ್ರೈಸ್ತಳಾದಳು. ವಿಕ್ಟೋರಿಯಾ ರಾಣಿಯೇ ಅವಳಿಗೆ ಧರ್ಮತಾಯಿ. ಹಾಲೇರಿ ಮನೆತನದ ಒಬ್ಬ ಮಗಳು ಬಾಗ್ಮತಿ ನದಿಯ ದಡ ಸೇರಿದಳು, ಇನ್ನೊಬ್ಬಳು ಥೇಮ್ಸ್ ದಡ. ಮಡಿಕೇರಿಯ ಕೋಟೆ ನೋಡಿದವರಿಗೆ ಇದನ್ನು ಓದಿದಾಗ ಹೊಟ್ಟೆಯಲ್ಲಿ ಏನೋ ಆಗುತ್ತದೆ, ಅಲ್ವಾ? ಈ ಮದುವೆಯನ್ನು ನೆನಪಿನಲ್ಲಿಟ್ಟುಕೊಳ್ಳಿ. ರಾಜ್ಯ ಕಳೆದುಕೊಂಡ ರಾಜನ ಮಗಳನ್ನು ನೇಪಾಳದ ಮಂತ್ರಿ ಏಕೆ ಬಯಸಿದ ಅನ್ನುವುದು ನಿಮ್ಮ ದೊಡ್ಡ ಪ್ರಶ್ನೆಗೂ ಸೇರಿದ್ದು.

ಈಗ ಆ ರಾತ್ರಿಯ ವಿಷಯ. ಅಂಥ ರಾತ್ರಿ ಒಂದು ಇತ್ತು. ಆದರೆ ಅದು ಜಂಗ್ ಬಹದ್ದೂರನಿಗೆ ಕೊಟ್ಟದ್ದು ಒಂದು ಹುದ್ದೆ ಮಾತ್ರ. ಆ ಹುದ್ದೆ ಅವನಿಗಿಂತ ಮೊದಲೂ ಬೇಕಾದಷ್ಟು ಜನರಿಗೆ ಸಿಕ್ಕಿತ್ತು. ಸಿಕ್ಕವರಲ್ಲಿ ಹಲವರು ಅದರಲ್ಲೇ ಸತ್ತಿದ್ದರು. ದಾಮೋದರ ಪಾಂಡೆ 1804ರಲ್ಲಿ ಕೊಲೆಯಾದ. ಭೀಮಸೇನ ಥಾಪಾ 31 ವರ್ಷ ದೇಶ ಆಳಿ, 1839ರಲ್ಲಿ ಸೆರೆಮನೆಯಲ್ಲಿ ತನ್ನ ಕೈಯಾರೆ ಜೀವ ತೆಗೆದುಕೊಂಡ. ಮಾಥಬರ್ ಸಿಂಗ್ ಥಾಪಾನನ್ನು 1845ರಲ್ಲಿ ಅರಮನೆಯೊಳಗೇ ಗುಂಡಿಟ್ಟು ಕೊಂದರು. ಜಂಗ್ ಬಹದ್ದೂರ್ ಮಾತ್ರ 31 ವರ್ಷ ಅಧಿಕಾರ ನಡೆಸಿ, ಬೇಟೆಗೆ ಹೋದ ಕಡೆ ಸತ್ತ. ಅವನ ನಂತರ ಅದೇ ಕುರ್ಚಿಯಲ್ಲಿ ಅವನ ಮನೆಯವರೇ 1951ರವರೆಗೆ ಕೂತರು. ಈ ವ್ಯತ್ಯಾಸ ಹೇಗೆ ಬಂತು ಅನ್ನುವುದನ್ನು ನೋಡಬೇಕು.

ಅದಕ್ಕೆ ಸ್ವಲ್ಪ ಹಿಂದಕ್ಕೆ ಹೋಗೋಣ. ಗೋರ್ಖಾದ ಪೃಥ್ವಿನಾರಾಯಣ ಶಾಹ 1768-69ರಲ್ಲಿ ಕಾಠ್ಮಂಡು ಕಣಿವೆಯನ್ನು ಗೆದ್ದು ಇಂದಿನ ನೇಪಾಳಕ್ಕೆ ಅಡಿಪಾಯ ಹಾಕಿದ. 1775ರಲ್ಲಿ ತೀರಿಕೊಂಡ. ಅವನ ಮಗ ಎರಡೇ ವರ್ಷ ಆಳಿ ಸತ್ತ. ಅಲ್ಲಿಂದ ಮುಂದೆ ನೋಡಿ. 1777ರಲ್ಲಿ ರಣಬಹದ್ದೂರ್ ಶಾಹ ರಾಜನಾದ, ಅವನಿಗೆ ಎರಡು ವರ್ಷ. 1799ರಲ್ಲಿ ಆತ ತನ್ನ ಮಗ ಗೀರ್ವಾಣನಿಗೆ ಪಟ್ಟ ಕಟ್ಟಿದ, ಆ ಮಗು ಇನ್ನೂ ಸರಿಯಾಗಿ ಮಾತು ಕಲಿತಿರಲಿಲ್ಲ. 1816ರಲ್ಲಿ ಗೀರ್ವಾಣ ಸತ್ತ, ಅವನ ಮಗ ರಾಜೇಂದ್ರ ಪಟ್ಟಕ್ಕೆ ಬಂದ, ಅವನಿಗೂ ಮೂರು ತುಂಬಿರಲಿಲ್ಲ. ಸಾಲಾಗಿ ಮೂವರು ಕೂಸುಗಳು. ರಾಜ ತೊಡೆಯ ಮೇಲಿನ ಮಗುವಾದರೆ ಆಳುವವರು ಯಾರು? ತಾಯಿ, ಅಜ್ಜಿ, ಚಿಕ್ಕಪ್ಪ, ಇಲ್ಲವೇ ಮಂತ್ರಿ. ನೇಪಾಳದಲ್ಲಿ ಈ ನಾಲ್ವರೂ ಒಬ್ಬರನ್ನೊಬ್ಬರು ಮುಗಿಸುತ್ತಾ ಹೋದರು. ರಾಜನ ಹೆಸರಿನಲ್ಲಿ ಬೇರೆಯವರು ಆಳುವುದು ಜಂಗ್ ಬಹದ್ದೂರ್ ಹುಟ್ಟುವ ಮೊದಲೇ ಅಲ್ಲಿ ವಾಡಿಕೆಯಾಗಿಬಿಟ್ಟಿತ್ತು.

ಇನ್ನೊಂದು ಕಾರಣ ನೆಲದ್ದು. ಇದಕ್ಕೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಗೋರ್ಖಾ ರಾಜ್ಯ ಬೆಳೆಯುತ್ತಿದ್ದಷ್ಟು ದಿನ ಹೊಸ ಹೊಸ ಭೂಮಿ ಸಿಗುತ್ತಿತ್ತು. ಸೈನಿಕನಿಗೂ ಸರದಾರನಿಗೂ ಸಂಬಳದ ಬದಲು ಜಮೀನಿನ ಹುಟ್ಟುವಳಿಯನ್ನೇ ಕೊಡುತ್ತಿದ್ದರು. 1814ರಿಂದ 1816ರವರೆಗೆ ಬ್ರಿಟಿಷರ ಜೊತೆ ಯುದ್ಧವಾಯಿತು, ನೇಪಾಳ ಸೋತಿತು. ಸುಗೌಲಿ ಒಪ್ಪಂದದಲ್ಲಿ ಕುಮಾವು, ಗಢವಾಲ್, ತರಾಯಿಯ, ಅಂದರೆ ಬೆಟ್ಟದ ಬುಡದ ಬಯಲಿನ, ದೊಡ್ಡ ಭಾಗ ಎಲ್ಲ ಕೈಬಿಟ್ಟವು. ಮೂರೂ ಕಡೆ ಬ್ರಿಟಿಷರ ಗಡಿ, ಉತ್ತರಕ್ಕೆ ಹಿಮಾಲಯ. ಇನ್ನು ಗೆಲ್ಲಲು ನೆಲವೇ ಇಲ್ಲ. ಆದರೆ ಪಾಲು ಕೇಳುವ ಮನೆತನಗಳು ಅಷ್ಟೇ ಇವೆ. ಥಾಪಾ, ಪಾಂಡೆ, ಬಸ್ನ್ಯಾತ್, ಚೌತರಿಯಾ ಎಲ್ಲರೂ ಇರುವ ಒಂದೇ ತಟ್ಟೆಗೆ ಕೈ ಹಾಕುವ ಹಾಗಾಯಿತು. ಒಬ್ಬ ಮಂತ್ರಿ ಬಿದ್ದರೆ ಅವನ ಕುಲದವರೆಲ್ಲರ ಜಮೀನು ಹೋಗುತ್ತಿತ್ತು. ಹಾಗಾಗಿ ಬೀಳಿಸುವವರೂ ಬೀಳುವವರೂ ಪ್ರಾಣದ ಮೇಲೆ ಆಡುತ್ತಿದ್ದರು.

ಇಂಥ ದರ್ಬಾರಿನ ಅಂಚಿನಲ್ಲಿದ್ದ ಮನೆ ಕುಂವರ್‌ಗಳದ್ದು. ಜಂಗ್ ಬಹದ್ದೂರನ ಮುತ್ತಜ್ಜ ರಾಮಕೃಷ್ಣ ಕುಂವರ್ ಪೃಥ್ವಿನಾರಾಯಣನ ಸೇನೆಯಲ್ಲಿದ್ದವನು. 1806ರಲ್ಲಿ ರಣಬಹದ್ದೂರನನ್ನು ಅವನ ಮಲತಮ್ಮ ಶೇರ್ ಬಹದ್ದೂರ್ ಕತ್ತಿಯಿಂದ ಹೊಡೆದಾಗ, ಅಲ್ಲೇ ಇದ್ದ ಬಾಲನರಸಿಂಗ್ ಕುಂವರ್ ಆ ಕೊಲೆಗಾರನನ್ನು ನಿಂತ ಜಾಗದಲ್ಲೇ ಕೊಂದ. ಅದಕ್ಕೆ ಬಹುಮಾನವಾಗಿ ಅವನ ಮನೆತನಕ್ಕೆ ಕಾಜಿ, ಅಂದರೆ ಮಂತ್ರಿ ದರ್ಜೆಯ, ಪದವಿ ಬಂತು. ಈ ಬಾಲನರಸಿಂಗನ ಮಗನೇ ನಮ್ಮ ಜಂಗ್ ಬಹದ್ದೂರ್, ಹುಟ್ಟಿದ್ದು 1817ರಲ್ಲಿ. ತಾಯಿಯ ಕಡೆಯಿಂದ ಥಾಪಾಗಳ ನಂಟು. ಮಾಥಬರ್ ಸಿಂಗ್ ಥಾಪಾ ಅವನ ಸೋದರಮಾವ. 1837ರಲ್ಲಿ ಭೀಮಸೇನ ಥಾಪಾ ಬಿದ್ದಾಗ ಥಾಪಾ ನಂಟಿದ್ದ ಕುಂವರ್‌ಗಳೂ ಕೆಲಸ ಕಳೆದುಕೊಂಡರು. ಇಪ್ಪತ್ತರ ಹುಡುಗ ತರಾಯಿ ಕಾಡಿನಲ್ಲಿ, ಕಾಶಿಯಲ್ಲಿ ಅಲೆದಾಡಿದ. ಆನೆ ಹಿಡಿದು ದುಡ್ಡು ಮಾಡಲು ನೋಡಿದ. ಕುದುರೆ ಸಮೇತ ನದಿಗೆ ಹಾರಿದ, ಬಾವಿಗೆ ಹಾರಿ ಬದುಕಿ ಬಂದ ಅನ್ನುವ ಕಥೆಗಳು ನೇಪಾಳದಲ್ಲಿ ಇಂದಿಗೂ ಮಕ್ಕಳ ಬಾಯಲ್ಲಿವೆ. ಎಷ್ಟು ನಿಜವೋ, ಎಷ್ಟು ಸೇರಿಸಿದ್ದೋ. ಈ ಹುಡುಗ ಯಾವುದಕ್ಕೂ ಹಿಂಜರಿಯುವವನಲ್ಲ ಅನ್ನುವುದನ್ನು ದರ್ಬಾರು ಬೇಗ ಗುರುತಿಸಿತು ಅನ್ನುವುದಂತೂ ಸರಿ.

ಆ ಗುರುತಿಸುವಿಕೆ ಮೊದಲು ಕೆಲಸಕ್ಕೆ ಬಂದದ್ದು ಅವನ ಸ್ವಂತ ಮಾವನ ವಿರುದ್ಧ. ಆಗ ಅರಮನೆಯಲ್ಲಿ ಮೂರು ಅಧಿಕಾರ ಇದ್ದವು. ಗಟ್ಟಿ ನಿರ್ಧಾರ ಮಾಡಲಾಗದ ರಾಜ ರಾಜೇಂದ್ರ. ಹಿರಿಯ ರಾಣಿಯ ಮಗ, ಯುವರಾಜ ಸುರೇಂದ್ರ. ತನ್ನ ಮಗನಿಗೇ ಪಟ್ಟ ಆಗಬೇಕೆಂದು ಹಟ ಹಿಡಿದಿದ್ದ ಕಿರಿಯ ರಾಣಿ ರಾಜ್ಯಲಕ್ಷ್ಮಿ. 1843ರ ಜನವರಿಯಲ್ಲಿ ರಾಜ ತನ್ನ ಅಧಿಕಾರವನ್ನೇ ಈ ರಾಣಿಗೆ ಬರೆದುಕೊಟ್ಟಿದ್ದ. ಪ್ರಧಾನಿ ಮಾಥಬರ್ ಸಿಂಗ್ ಸುರೇಂದ್ರನ ಕಡೆ ವಾಲಿದ. 1845ರ ಮೇ 17ರ ರಾತ್ರಿ ರಾಣಿಗೆ ಹುಷಾರಿಲ್ಲವೆಂದು ಹೇಳಿಕಳಿಸಿ ಅವನನ್ನು ಅರಮನೆಗೆ ಕರೆಸಿದರು. ಒಳಗೆ ಅಡಗಿ ಕೂತು ಗುಂಡು ಹೊಡೆದವನು ಜಂಗ್ ಬಹದ್ದೂರ್. ಅಪ್ಪಣೆ ರಾಜರಾಣಿಯರದ್ದು. ಅಳಿಯನಿಗೆ ಆಗ 27 ವರ್ಷ. ಅವನನ್ನು ಎಷ್ಟೇ ಮೆಚ್ಚುವವರೂ ಈ ಕೊಲೆಯ ಹತ್ತಿರ ಬಂದಾಗ ತಡವರಿಸುತ್ತಾರೆ. ತಡವರಿಸಬೇಕು ಕೂಡ.

ಮಾಥಬರ್ ನಂತರ ಫತೇಜಂಗ್ ಶಾಹ ಪ್ರಧಾನಿಯಾದ. ಆದರೆ ರಾಣಿಯ ಬಲಗೈ ಅಂತಿದ್ದವನು ಗಗನ್ ಸಿಂಗ್. ಹೆಚ್ಚಿನ ಸೈನ್ಯವೂ ಅವನ ಕೈಯಲ್ಲಿತ್ತು. 1846ರ ಸೆಪ್ಟೆಂಬರ್ 14ರ ರಾತ್ರಿ ಗಗನ್ ಸಿಂಗ್ ತನ್ನ ಮನೆಯಲ್ಲಿ ಪೂಜೆಗೆ ಕೂತಿದ್ದಾಗ ಯಾರೋ ಗುಂಡಿಟ್ಟು ಕೊಂದರು. ಯಾರು ಅನ್ನುವುದು ಇವತ್ತಿಗೂ ಇತ್ಯರ್ಥವಾಗಿಲ್ಲ. ಸುದ್ದಿ ಕೇಳಿದ ರಾಣಿ ಕೈಯಲ್ಲಿ ಕತ್ತಿ ಹಿಡಿದು ಹೊರಟುಬಂದಳು. ಎಲ್ಲ ಭಾರದಾರರೂ, ಅಂದರೆ ದರ್ಬಾರಿನ ಸರದಾರರು, ಈಗಿಂದೀಗಲೇ ಕೋತ್‌ಗೆ ಬರಬೇಕು ಎಂದು ಕಹಳೆ ಊದಿಸಿದಳು.

ಕೋತ್ ಅಂದರೆ ಹನುಮಾನ್ ಢೋಕಾ ಅರಮನೆಯ ಪಕ್ಕದ ಆಯುಧಶಾಲೆ. ನಡುವೆ ಅಂಗಳ, ಸುತ್ತ ಕಟ್ಟಡ. ಬರುವುದಕ್ಕೂ ಹೋಗುವುದಕ್ಕೂ ಬಾಗಿಲು ಇಕ್ಕಟ್ಟು. ಇದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಿ, ಮುಂದಿನದೆಲ್ಲ ಅರ್ಥವಾಗುತ್ತದೆ. ನಡುರಾತ್ರಿ ಎದ್ದುಬಂದ ಸರದಾರರ ಹತ್ತಿರ ಸೊಂಟದ ಕತ್ತಿ ಬಿಟ್ಟರೆ ಬೇರೇನಿಲ್ಲ. ಕೆಲವರಿಗೆ ಅದೂ ಇಲ್ಲ. ಜಂಗ್ ಬಹದ್ದೂರ್ ಮಾತ್ರ ಎಲ್ಲರಿಗಿಂತ ಮೊದಲು ಬಂದ. ತಮ್ಮಂದಿರನ್ನೆಲ್ಲ ಕರೆತಂದ. ತನ್ನ ಕೈಕೆಳಗಿನ ಪಲ್ಟನ್‌ಗಳನ್ನು ತುಂಬಿದ ಬಂದೂಕಿನ ಸಮೇತ ಹೊರಗೆ ಸುತ್ತ ನಿಲ್ಲಿಸಿದ. ರಾಣಿಯ ರಕ್ಷಣೆಗೆ ಎಂದ. ಆ ರಾತ್ರಿ ಏನು ಬೇಕಾದರೂ ಆಗಬಹುದು ಎಂದು ಲೆಕ್ಕ ಹಾಕಿ ಬಂದವನು ಅವನೊಬ್ಬನೇ.

ರಾಣಿಯ ಅನುಮಾನ ವೀರಕೇಸರ ಪಾಂಡೆಯ ಮೇಲೆ. ಅವನ ತಲೆ ಕಡಿ ಎಂದು ಜನರಲ್ ಅಭಿಮಾನ್ ಸಿಂಗನಿಗೆ ಅಪ್ಪಣೆ ಮಾಡಿದಳು. ಅಭಿಮಾನ್ ಸಿಂಗ್ ರಾಜನ ಮುಖ ನೋಡಿದ. ವಿಚಾರಣೆ ಇಲ್ಲದೆ ಕೊಲ್ಲಬಾರದು ಎಂದ ರಾಜ. ಆಮೇಲೆ ಕುದುರೆ ಹತ್ತಿ ಅಲ್ಲಿಂದ ಹೊರಟೇಹೋದ. ಬ್ರಿಟಿಷ್ ರೆಸಿಡೆನ್ಸಿಯ ಬಾಗಿಲು ತಟ್ಟಿದ, ಆ ಹೊತ್ತಿನಲ್ಲಿ ಅಲ್ಲಿ ಭೇಟಿ ಸಿಗಲಿಲ್ಲ. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಮುಖ್ಯ ಅನಿಸುವ ಕ್ಷಣ ಇದು. ಮಾತು ನಡೆಸಬೇಕಾದ ರಾಜ ಎದ್ದು ಹೋದ ಮೇಲೆ ಆ ಅಂಗಳದಲ್ಲಿ ಉಳಿದದ್ದು ಸಿಟ್ಟು ಮತ್ತು ಬಂದೂಕು ಮಾತ್ರ. ಅಭಿಮಾನ್ ಸಿಂಗ್ ತನ್ನ ಸೈನಿಕರ ಕಡೆ ಹೋಗಲು ಬಾಗಿಲಿಗೆ ನಡೆದ, ಜಂಗ್‌ನ ಕಾವಲಿನವರು ಅವನನ್ನು ತಡೆದು ಇರಿದರು. ಸಾಯುವ ಮುಂಚೆ ಗಗನ್ ಸಿಂಗನನ್ನು ಕೊಂದವನು ಜಂಗ್ ಬಹದ್ದೂರನೇ ಎಂದು ಅವನು ಕೂಗಿದನಂತೆ. ಫತೇಜಂಗ್‌ನ ಮಗ ಕತ್ತಿ ಎಳೆದ. ಆಮೇಲೆ ಗುಂಡಿನ ಮಳೆ. ಪ್ರಧಾನಿ ಫತೇಜಂಗ್ ಸತ್ತ, ಅವನ ಮಗ ಸತ್ತ. ಬೆಳಗಾಗುವ ಹೊತ್ತಿಗೆ ಹೆಸರಿದ್ದ ಭಾರದಾರರೇ ಮೂವತ್ತು ಜನಕ್ಕೂ ಮೇಲೆ ಹೆಣವಾಗಿದ್ದರು. ಅವರ ಹಿಂದೆ ಬಂದ ಆಳುಕಾಳುಗಳ ಲೆಕ್ಕ ಇಟ್ಟವರಿಲ್ಲ. ಮರುದಿನ ರಾಣಿ ಜಂಗ್ ಬಹದ್ದೂರನನ್ನು ಪ್ರಧಾನಿಯನ್ನಾಗಿಯೂ ಸೇನಾಧಿಪತಿಯನ್ನಾಗಿಯೂ ಮಾಡಿದಳು. ಸತ್ತವರ ಮನೆಯವರು ಆಸ್ತಿ ಕಳೆದುಕೊಂಡು ದೇಶ ಬಿಟ್ಟರು. ಒಂದು ತಲೆಮಾರಿನ ಎದುರಾಳಿಗಳು ಒಂದೇ ರಾತ್ರಿ ಇಲ್ಲವಾದರು.

ಇದಿಷ್ಟೇ ಆಗಿದ್ದರೆ ಜಂಗ್ ಬಹದ್ದೂರ್ ಇನ್ನೊಬ್ಬ ಮಾಥಬರ್ ಆಗುತ್ತಿದ್ದ. ಆರೇಳು ವಾರದಲ್ಲೇ ಅದಕ್ಕೆ ತಯಾರಿ ಶುರುವಾಯಿತು. ತಾನು ಪ್ರಧಾನಿ ಮಾಡಿದವನು ಸುರೇಂದ್ರನನ್ನು ಮುಗಿಸಿ ತನ್ನ ಮಗನಿಗೆ ಪಟ್ಟ ಕಟ್ಟುತ್ತಾನೆಂದು ರಾಣಿ ನಂಬಿದ್ದಳು. ಅವನು ಒಪ್ಪಲಿಲ್ಲ. ಭಂಡಾರಖಾಲ್ ಅನ್ನುವ ಅರಮನೆಯ ತೋಟಕ್ಕೆ ಕರೆಸಿ ಅವನನ್ನು ಕೊಲ್ಲುವ ಸಂಚು ನಡೆಯಿತು. ಸುದ್ದಿ ಸೋರಿತು. ಕೊಲ್ಲಲು ಕಾದಿದ್ದ ಬಸ್ನ್ಯಾತರೇ ಸತ್ತರು. ರಾಣಿಯನ್ನು ಇಬ್ಬರು ಮಕ್ಕಳ ಜೊತೆ ಕಾಶಿಗೆ ಗಡಿಪಾರು ಮಾಡಿದರು. ರಾಜೇಂದ್ರನೂ ಅವರ ಜೊತೆ ಹೊರಟ. 1847ರ ಮೇ 12ರಂದು ಸುರೇಂದ್ರನಿಗೆ ಪಟ್ಟವಾಯಿತು. ರಾಜೇಂದ್ರ ಒಂದಿಷ್ಟು ಜನ ಸೇರಿಸಿಕೊಂಡು ತರಾಯಿಗೆ ನುಗ್ಗಿದ, ಅಲಾವು ಎಂಬಲ್ಲಿ ಸಿಕ್ಕಿಬಿದ್ದ. ಅಲ್ಲಿಂದ 1881ರಲ್ಲಿ ಸಾಯುವವರೆಗೆ, ಮೂವತ್ತನಾಲ್ಕು ವರ್ಷ, ಆತ ಸೆರೆಯಾಳು.

ಈಗ ನಿಮ್ಮ ಎರಡನೇ ಪ್ರಶ್ನೆ. ತಂದೆ ರಾಜ ಸೆರೆಯಲ್ಲಿ, ಮಗ ರಾಜ ಮುಷ್ಟಿಯಲ್ಲಿ. ಸಿಂಹಾಸನಕ್ಕೆ ಒಂದೇ ಹೆಜ್ಜೆ. ಏಕೆ ಹತ್ತಲಿಲ್ಲ?

ಒಂದು, ಸೈನಿಕರ ಮನಸ್ಸು. ರಾಜ ಅಂದರೆ ವಿಷ್ಣುವಿನ ಅಂಶ ಎಂಬ ನಂಬಿಕೆ ಅಲ್ಲಿ ಗಟ್ಟಿಯಾಗಿತ್ತು. ಜಂಗ್‌ನ ಬಂದೂಕಿನವರು ಕೂಡ ಅನ್ನ ಉಣ್ಣುತ್ತಿದ್ದದ್ದು ರಾಜನ ಹೆಸರಿನಲ್ಲಿ. ಎರಡು, ಜಾತಿ. ಶಾಹರು ಠಕುರಿ, ಕುಂವರ್‌ಗಳು ಛೆತ್ರಿ. ಒಂದು ಮೆಟ್ಟಿಲು ಕೆಳಗೆ. ಮೂರು, ಬ್ರಿಟಿಷರು. ಅವರು ಒಪ್ಪಂದ ಮಾಡಿಕೊಂಡದ್ದು ಶಾಹ ರಾಜರ ಜೊತೆ. ಗದ್ದುಗೆ ಕಸಿದವನನ್ನು ಮಾನ್ಯ ಮಾಡಬೇಕೋ ಬೇಡವೋ ಎಂದು ಅವರು ಯೋಚಿಸಲು ಕೂತರೆ ಅದೇ ಅಪಾಯ. ಇವೆಲ್ಲಕ್ಕಿಂತ ಮುಖ್ಯವಾದ ಇನ್ನೊಂದು ಇದೆ ಎಂದು ನಾನು ತಿಳಿದಿದ್ದೇನೆ. ಸಿಂಹಾಸನ ಕಿತ್ತುಕೊಂಡವನಿಂದ ನಾಳೆ ಇನ್ನೊಬ್ಬ ಕಿತ್ತುಕೊಳ್ಳಬಹುದು. ರಾಜನೇ ಮೊಹರು ಒತ್ತಿ ಕೊಟ್ಟದ್ದನ್ನು ಕಿತ್ತುಕೊಳ್ಳಲು ರಾಜನ ಮಾತನ್ನೇ ಮುರಿಯಬೇಕು. ಹಾಗಾಗಿ ಅವನಿಗೆ ಬೇಕಾದದ್ದು ರಾಜನ ಕುರ್ಚಿ ಆಗಿರಲಿಲ್ಲ. ಬೇಕಾದದ್ದು ರಾಜನ ಕೆಂಪು ಮುದ್ರೆ. ನೇಪಾಳಿಯಲ್ಲಿ ಅದಕ್ಕೆ ಲಾಲ್ ಮೊಹರ್ ಅನ್ನುತ್ತಾರೆ.

ಒಂದೊಂದಾಗಿ ಆ ಕಾಗದಗಳು ಬಂದವು. ಮೊದಲನೆಯದು 1848ರದ್ದು. ಕುಂವರ್‌ಗಳು ಚಿತ್ತೋಡದ ರಜಪೂತ ರಾಣಾಗಳ ಕುಡಿ ಎಂಬ ವಂಶಾವಳಿಯನ್ನು ರಾಜ ಒಪ್ಪಿದ. ಅಲ್ಲಿಂದ ಅವರು ಕುಂವರ್ ರಾಣಾಜಿ, ಕ್ರಮೇಣ ಬರೀ ರಾಣಾ. ರಾಣಾ ಅನ್ನುವುದು ಆ ಮನೆತನಕ್ಕೆ ಹುಟ್ಟಿನಿಂದ ಬಂದ ಹೆಸರಲ್ಲ, ಮೊಹರಿನಿಂದ ಬಂದದ್ದು. ಇದರಿಂದ ಏನು ಉಪಯೋಗ ಅಂದರೆ, ಜಾತಿಯ ಆ ಒಂದು ಮೆಟ್ಟಿಲು ಹತ್ತಿದ ಹಾಗಾಯಿತು. ಈಗ ರಾಜಮನೆತನದ ಜೊತೆ ಹೆಣ್ಣು ಕೊಟ್ಟು ತರಬಹುದು. ಕೊಡಗಿನ ರಾಜಕುಮಾರಿ ನೆನಪಿದ್ದಾಳಲ್ಲ? ರಾಜ್ಯ ಹೋಗಿದ್ದರೂ ಅವಳು ರಾಜನ ಮಗಳು. ರಾಜಮನೆತನದ ನಂಟಿಗೆ ಹಾತೊರೆಯುತ್ತಿದ್ದವನಿಗೆ ಅದೇ ಸಾಕು. 1854ರಲ್ಲಿ ಜಂಗ್‌ನ ಹಿರಿಯ ಮಗ ಜಗತ್ ಜಂಗ್‌ಗೆ ರಾಜ ಸುರೇಂದ್ರನ ಮಗಳನ್ನೇ ತಂದರು. ಹುಡುಗಿ ಇನ್ನೂ ಆಡುವ ಮಗು. ಮುಂದೆ ಜಂಗ್‌ನ ಹೆಣ್ಣುಮಕ್ಕಳು ಯುವರಾಜ ತ್ರೈಲೋಕ್ಯನ ಮನೆ ಸೇರಿದರು.

ಇಂಗ್ಲೆಂಡಿನ ಪ್ರವಾಸವನ್ನು ಕೆಲವರು ಬರೀ ಮೆರವಣಿಗೆ ಎಂದು ಬರೆಯುತ್ತಾರೆ. ನಾನು ಹಾಗೆ ಭಾವಿಸುವುದಿಲ್ಲ. ಕೋತ್ ನಡೆದು ನಾಲ್ಕು ವರ್ಷವೂ ಆಗಿರಲಿಲ್ಲ. ಅಂಥ ಹೊತ್ತಿನಲ್ಲಿ ಒಂದು ವರ್ಷ ದೇಶ ಬಿಟ್ಟು ಹೋಗುವುದಕ್ಕೆ ಧೈರ್ಯ ಬೇಕು. ಸಮುದ್ರ ದಾಟಿದರೆ ಜಾತಿ ಕೆಡುತ್ತದೆ ಅನ್ನುವ ಕಾಲ ಬೇರೆ. ವಿಕ್ಟೋರಿಯಾ ರಾಣಿಯನ್ನು ಕಂಡ, ಬಂದೂಕು ಫಿರಂಗಿ ಮಾಡುವ ಕಾರ್ಖಾನೆ ನೋಡಿದ, ಪ್ಯಾರಿಸ್ಸಿಗೂ ಹೋದ. ಈ ಜನರ ಜೊತೆ ಜಗಳ ಆಗದು ಎಂದು ಕಣ್ಣಾರೆ ಕಂಡು ಬಂದ. 1851ರ ಫೆಬ್ರವರಿಯಲ್ಲಿ ಮರಳಿದ ಕೆಲವೇ ದಿನಕ್ಕೆ ಅವನನ್ನು ಕೊಲ್ಲುವ ಇನ್ನೊಂದು ಸಂಚು ಬಯಲಾಯಿತು. ಅದರಲ್ಲಿ ಅವನ ಸ್ವಂತ ತಮ್ಮ ಬದ್ರಿನರಸಿಂಗ್, ರಾಜನ ತಮ್ಮ ಉಪೇಂದ್ರ ಇಬ್ಬರೂ ಇದ್ದರು. ಐದು ವರ್ಷದ ಹಿಂದಿನ ಜಂಗ್ ಆಗಿದ್ದರೆ ತಲೆಗಳು ಉರುಳುತ್ತಿದ್ದವು. ಈ ಸಲ ಯಾರನ್ನೂ ಕೊಲ್ಲಲಿಲ್ಲ. ಬ್ರಿಟಿಷರ ವಶಕ್ಕೆ ಕೊಟ್ಟು ಅಲಹಾಬಾದಿನಲ್ಲಿ ಇರಿಸಿದ. ಕಂಡದ್ದರಿಂದ ಕಲಿಯುವವನು ಅವನು.

ಎರಡನೇ ದೊಡ್ಡ ಕಾಗದ ಮುಲುಕಿ ಐನ್, 1854ರದ್ದು. ದೇಶಕ್ಕೆಲ್ಲ ಒಂದೇ ಲಿಖಿತ ಕಾನೂನು. ಕೇಳಲು ಚೆನ್ನಾಗಿದೆ, ಅಲ್ವಾ? ಒಳಗೆ ನೋಡಿದರೆ ನೇಪಾಳದ ಎಲ್ಲ ಜನರನ್ನೂ ಒಂದೇ ಏಣಿಯ ಮೆಟ್ಟಿಲುಗಳ ಮೇಲೆ ನಿಲ್ಲಿಸಿದ ಪುಸ್ತಕ ಅದು. ಮೇಲೆ ಜನಿವಾರದವರು. ಕೆಳಗೆ ಗುಲಾಮರನ್ನಾಗಿ ಮಾಡಬಾರದವರು, ಅವರ ಕೆಳಗೆ ಗುಲಾಮರನ್ನಾಗಿ ಮಾಡಬಹುದಾದವರು. ಅದಕ್ಕೂ ಕೆಳಗೆ ಯಾರ ಕೈಯಿಂದ ನೀರು ಕುಡಿಯಬಾರದೋ ಅವರು, ಕೊನೆಗೆ ಯಾರನ್ನು ಮುಟ್ಟಿದರೆ ಮೈಮೇಲೆ ನೀರು ಚಿಮುಕಿಸಿಕೊಳ್ಳಬೇಕೋ ಅವರು. ಒಂದೇ ತಪ್ಪಿಗೆ ಜಾತಿ ನೋಡಿ ಶಿಕ್ಷೆ. ಮಗರ್, ಗುರುಂಗ್, ತಾಮಾಂಗ್ ಮೊದಲಾದ, ಈ ಏಣಿಯೇ ಗೊತ್ತಿಲ್ಲದ ಸಮುದಾಯಗಳನ್ನೂ ಅದರಲ್ಲಿ ಎಳೆದು ನಿಲ್ಲಿಸಿತು. 1963ರಲ್ಲಿ ಹೊಸ ಕಾನೂನು ಬರುವವರೆಗೆ ಇದೇ ನಡೆಯಿತು. ಜಂಗ್ ಬಹದ್ದೂರನ ಶೌರ್ಯ ಹೇಳುವವರು ಈ ಪುಟವನ್ನು ಬೇಗ ತಿರುಗಿಸಿಬಿಡುತ್ತಾರೆ. ಆ ಏಣಿಯ ಕೆಳಗಿನ ಮೆಟ್ಟಿಲಲ್ಲಿ ಹುಟ್ಟಿದವರಿಗೆ ಕೋತ್‌ಗಿಂತ ಇದೇ ದೊಡ್ಡ ಪೆಟ್ಟು.

ಇನ್ನು ಮೂರನೇ ಕಾಗದ. ಎಲ್ಲದರ ಕೀಲಿ ಇದರಲ್ಲಿದೆ. 1856ರ ಆಗಸ್ಟ್ 1ರಂದು ಜಂಗ್ ಬಹದ್ದೂರ್ ಪ್ರಧಾನಿ ಹುದ್ದೆಗೆ ರಾಜೀನಾಮೆ ಕೊಟ್ಟ! ತಮ್ಮ ಬಮ್ ಬಹದ್ದೂರ್ ಪ್ರಧಾನಿಯಾದ. ಐದು ದಿನ ಬಿಟ್ಟು, ಆಗಸ್ಟ್ 6ರಂದು, ಸುರೇಂದ್ರನ ಲಾಲ್ ಮೊಹರ್ ಹೊರಬಿತ್ತು. ಜಂಗ್ ಬಹದ್ದೂರ್ ಇನ್ನು ಕಾಸ್ಕಿ ಮತ್ತು ಲಮ್ಜುಂಗ್‌ನ ಮಹಾರಾಜ. ಪೋಖರಾ ಕಡೆಯ ಎರಡು ಬೆಟ್ಟದ ಸೀಮೆಗಳು ಇವು. ಶಾಹರ ಹಿರಿಯರು ಗೋರ್ಖಾಕ್ಕೆ ಬಂದದ್ದು ಇದೇ ಲಮ್ಜುಂಗ್‌ನಿಂದ. ಪ್ರಾಣ ತೆಗೆಯುವ ಅಧಿಕಾರ, ಉಳಿಸುವ ಅಧಿಕಾರ, ನೇಮಕ ಮಾಡುವ, ಕೆಲಸದಿಂದ ತೆಗೆಯುವ ಅಧಿಕಾರ ಎಲ್ಲ ಅವನಿಗೆ. ಇಂಗ್ಲೆಂಡಿನ ಜೊತೆ, ಚೀನಾದ ಜೊತೆ ಸ್ನೇಹ ಕೆಡಿಸಲು ರಾಜನೇ ಹೊರಟರೆ ರಾಜನನ್ನೂ ತಡೆಯುವ ಅಧಿಕಾರ. ರಾಜನನ್ನು ತಡೆಯುವ ಹಕ್ಕನ್ನು ರಾಜನೇ ಬರೆದುಕೊಟ್ಟ. ಇದು ಅವನ ಮನೆತನಕ್ಕೂ ಮುಂದುವರಿಯತಕ್ಕದ್ದು.

ನೇಪಾಳದ ರಾಜನ ಹೆಸರಿನ ಮುಂದೆ ಐದು ಸಲ ಶ್ರೀ ಹೇಳಬೇಕಿತ್ತು, ಅದಕ್ಕೇ ಅವನು ಶ್ರೀ 5. ರಾಣಾ ಮಹಾರಾಜ ಶ್ರೀ 3. ಎರಡೇ ಎರಡು ಶ್ರೀ ಕಡಿಮೆ. ರಾಜ ಕೈಯಲ್ಲಿ ಪೂಜೆ ಇಟ್ಟುಕೊಂಡ, ಮಂತ್ರಿ ಕೈಯಲ್ಲಿ ಪಡೆ, ಖಜಾನೆ, ಕಚೇರಿ. ಪುಣೆಯ ಪೇಶ್ವೆಗಳೂ ಸತಾರಾದ ಛತ್ರಪತಿಯನ್ನು ಹೀಗೇ ಇಟ್ಟಿದ್ದರಲ್ಲ ಎಂದು ನೀವು ಕೇಳಬಹುದು. ಮೈಸೂರಿನಲ್ಲಿ ಕಳಲೆಯ ದಳವಾಯಿಗಳೂ ಒಡೆಯರ ಹೆಸರಿನಲ್ಲಿ ರಾಜ್ಯ ನಡೆಸಿದವರೇ. ಹೋಲಿಕೆ ಸರಿ. ಆದರೆ ಮಂತ್ರಿಯನ್ನು ಎರಡನೇ ಮಹಾರಾಜ ಎಂದು ರಾಜನ ಮುದ್ರೆಯಲ್ಲೇ ಬರೆಸಿಕೊಂಡದ್ದು ನೇಪಾಳದಲ್ಲಿ. ಅದು ಜಂಗ್ ಬಹದ್ದೂರನ ಕೈಚಳಕ.

ದಿನನಿತ್ಯ ಇದು ಹೇಗೆ ನಡೆಯುತ್ತಿತ್ತು ಎಂದು ತಿಳಿಯಲು ಪಜನಿ ಎಂಬ ಪದ್ಧತಿ ನೋಡಬೇಕು. ವರ್ಷಕ್ಕೊಮ್ಮೆ ಸರ್ಕಾರದ ಎಲ್ಲ ಕೆಲಸಗಳೂ, ಜನರಲ್‌ನಿಂದ ಹಿಡಿದು ಸಾದಾ ಸಿಪಾಯಿಯವರೆಗೆ, ಮರುಪರಿಶೀಲನೆಗೆ ಬರುತ್ತಿದ್ದವು. ಮುಂದುವರಿಸಬಹುದು, ತೆಗೆಯಬಹುದು. ಪದ್ಧತಿ ಹಳೆಯದು, ಶಾಹರ ಕಾಲದ್ದೇ. ಈಗ ಅದರ ಕೊನೆಯ ಮಾತು ರಾಣಾ ಪ್ರಧಾನಿಯದ್ದಾಯಿತು. ಯೋಚಿಸಿ, ಪ್ರತಿ ವರ್ಷ ನಿಮ್ಮ ಕೆಲಸ, ನಿಮ್ಮ ಮನೆಯ ಅಕ್ಕಿ, ಒಬ್ಬ ಮನುಷ್ಯನ ಒಂದು ಮಾತಿನ ಮೇಲೆ ನಿಂತರೆ ಎದುರಾಡುವವರು ಯಾರು? ವರ್ಷದ ಖರ್ಚು ಕಳೆದು ಉಳಿದ ಕಂದಾಯ ಪ್ರಧಾನಿಯ ಸ್ವಂತ ಹಣ. ದೇಶದ ಖಜಾನೆಗೂ ಮನೆಯ ಪೆಟ್ಟಿಗೆಗೂ ನಡುವೆ ಗೋಡೆಯೇ ಇರಲಿಲ್ಲ.

ಬ್ರಿಟಿಷರ ಬೆಂಬಲ ಈ ಕಟ್ಟಡದ ಹೊರಗೋಡೆ. ಬಮ್ ಬಹದ್ದೂರ್ 1857ರ ಮೇ ತಿಂಗಳಲ್ಲಿ ಸತ್ತ, ಉತ್ತರ ಭಾರತದಲ್ಲಿ ದಂಗೆ ಎದ್ದದ್ದೂ ಅದೇ ತಿಂಗಳು. ಜಂಗ್ ಮತ್ತೆ ಪ್ರಧಾನಿಯಾಗಿ, ಸುಮಾರು ಎಂಟು ಸಾವಿರ ಸೈನಿಕರ ಜೊತೆ ತಾನೇ ಕೆಳಗಿಳಿದ. ಗೋರಖಪುರ ದಾಟಿ 1858ರ ಮಾರ್ಚಿನಲ್ಲಿ ಲಖನೌ ಸೇರಿ ಬ್ರಿಟಿಷರ ಪರ ಕಾದಿದ. ಇದಕ್ಕೆ ಪ್ರತಿಯಾಗಿ 1860ರಲ್ಲಿ ಬಾಂಕೆ, ಬರ್ದಿಯಾ, ಕೈಲಾಲಿ, ಕಂಚನಪುರ ಈ ನಾಲ್ಕು ಸೀಮೆ ನೇಪಾಳಕ್ಕೆ ಮರಳಿ ಬಂದವು. ಅಲ್ಲಿನವರು ಇವತ್ತೂ ಅದನ್ನು ನಯಾಂ ಮುಲುಕ್, ಹೊಸ ನಾಡು, ಅನ್ನುತ್ತಾರೆ. ನಮ್ಮ ಕಡೆಯಿಂದ ನೋಡಿದರೆ ಇದು ನೋಯಿಸುವ ವಿಷಯ. ನೇಪಾಳದ ಕಡೆಯಿಂದ ನೋಡಿದರೆ ಸುಗೌಲಿಯಲ್ಲಿ ಕಳೆದದ್ದರಲ್ಲಿ ಒಂದು ತುಂಡು ವಾಪಸ್ ಬಂತು. ಎರಡನ್ನೂ ಒಟ್ಟಿಗೆ ಹೇಳದಿದ್ದರೆ ನ್ಯಾಯವಾಗುವುದಿಲ್ಲ. ಸೋತ ಅವಧದ ಬೇಗಂ ಹಜರತ್ ಮಹಲ್ ಆಶ್ರಯ ಕೇಳಿಕೊಂಡು ಹೋದದ್ದು ಇದೇ ಜಂಗ್ ಬಹದ್ದೂರನ ದೇಶಕ್ಕೆ. ಅವಳ ಗೋರಿ ಕಾಠ್ಮಂಡುವಿನಲ್ಲಿದೆ.

ಇಷ್ಟು ಜಾಣ ಒಂದು ಕಡೆ ಎಡವಿದ, ಅದೂ ತನ್ನ ಮನೆಯೊಳಗೇ. ಪ್ರಧಾನಿ ಪಟ್ಟ ತಂದೆಯಿಂದ ಮಗನಿಗಲ್ಲ, ಅಣ್ಣನಿಂದ ತಮ್ಮನಿಗೆ ಹೋಗಬೇಕು, ತಮ್ಮಂದಿರೆಲ್ಲ ಮುಗಿದ ಮೇಲೆ ಮುಂದಿನ ತಲೆಮಾರಿನ ಹಿರಿಯನಿಗೆ ಎಂದು ಪಟ್ಟಿ ಮಾಡಿದ. ರೋಲ್‌ಕ್ರಮ ಎನ್ನುತ್ತಾರೆ. ಕಾರಣ ಅರ್ಥವಾಗುತ್ತದೆ. ಮೂರು ಕೂಸು ರಾಜರ ಗತಿ ಕಂಡವನು ಅವನು. ಮಗುವಿನ ಕೈಗೆ ಅಧಿಕಾರ ಹೋಗಲೇಬಾರದು, ಕೋತ್‌ನಲ್ಲಿ ಜೊತೆ ನಿಂತ ತಮ್ಮಂದಿರಿಗೂ ಪಾಲು ಸಿಗಬೇಕು. ಆದರೆ ಈ ಪಟ್ಟಿಯಲ್ಲಿ ಪ್ರತಿಯೊಬ್ಬನಿಗೂ ತನ್ನ ಮುಂದೆ ಎಷ್ಟು ಜನ ಇದ್ದಾರೆ ಅನ್ನುವುದು ಗೊತ್ತು.

1877ರ ಫೆಬ್ರವರಿ 25ರಂದು ಪತ್ಥರಘಟ್ಟದಲ್ಲಿ ಜಂಗ್ ಬಹದ್ದೂರ್ ಸತ್ತ. ಮೂವರು ಹೆಂಡತಿಯರು ಸಹಗಮನ ಮಾಡಿದರು. ತಮ್ಮ ರಣೋದ್ದೀಪ್ ಸಿಂಗ್ ಪ್ರಧಾನಿಯಾದ. ಇನ್ನೊಬ್ಬ ತಮ್ಮ ಧೀರ್ ಶಂಶೇರ್‌ಗೆ ಹದಿನೇಳು ಗಂಡುಮಕ್ಕಳು, ಸತ್ರಾ ಭಾಯಿ ಎಂದೇ ಹೆಸರು. 1885ರ ನವೆಂಬರ್ 22ರಂದು ಈ ಶಂಶೇರ್ ಅಣ್ಣತಮ್ಮಂದಿರು ದೊಡ್ಡಪ್ಪ ರಣೋದ್ದೀಪನನ್ನು ಅವನ ಅರಮನೆಯಲ್ಲೇ ಕೊಂದರು. ಜಂಗ್‌ನ ಹಿರಿಯ ಮಗ ಜಗತ್ ಜಂಗ್‌ನನ್ನೂ, ಮೊಮ್ಮಗನನ್ನೂ ಮುಗಿಸಿದರು. ಜಂಗ್ ಬಹದ್ದೂರನ ಸ್ವಂತ ಸಂತಾನದ ಹೆಸರುಗಳನ್ನು ಪಟ್ಟಿಯಿಂದಲೇ ಹೊಡೆದುಹಾಕಿದರು. ಅಲ್ಲಿಂದ ಕೊನೆಯವರೆಗೆ ಆಳಿದ ರಾಣಾಗಳೆಲ್ಲ ತಮ್ಮನ ವಂಶದವರು. ಅವರಲ್ಲೂ ತಾಯಿಯ ಜಾತಿ ನೋಡಿ ಎ, ಬಿ, ಸಿ ಎಂದು ದರ್ಜೆ ಮಾಡಿಕೊಂಡರು. 1934ರಲ್ಲಿ ಸಿ ದರ್ಜೆಯವರನ್ನು ಪಟ್ಟಿಯಿಂದ ಹೊರಗಿಟ್ಟರು. ಹಾಗೆ ಹೊರಬಿದ್ದ ದರ್ಜೆಯವರಲ್ಲಿ ಸುವರ್ಣ ಶಂಶೇರ್ ಮುಂದೆ ಕಲ್ಕತ್ತೆಯಲ್ಲಿ ಕೂತು ರಾಣಾ ವಿರೋಧಿ ಹೋರಾಟಕ್ಕೆ ಹಣ ಸುರಿದ.

ಜಂಗ್‌ನ ಗಂಡುಮಕ್ಕಳ ಸಾಲು ಹೀಗೆ ಮುಗಿಯಿತು. ಹೆಣ್ಣುಮಕ್ಕಳ ಸಾಲು ಮುಗಿಯಲಿಲ್ಲ. ಯುವರಾಜ ತ್ರೈಲೋಕ್ಯನಿಗೆ ಕೊಟ್ಟ ಮಗಳ ಹೊಟ್ಟೆಯಲ್ಲಿ ರಾಜ ಪೃಥ್ವಿವೀರ ಹುಟ್ಟಿದ. ಅವನ ಮಗ ತ್ರಿಭುವನ, ಅಂದರೆ ಜಂಗ್ ಬಹದ್ದೂರನ ಮಗಳ ಮೊಮ್ಮಗ. ಐದು ವರ್ಷಕ್ಕೆ ಪಟ್ಟಕ್ಕೆ ಬಂದ ಈ ತ್ರಿಭುವನ ಸುಮಾರು ನಲವತ್ತು ವರ್ಷ ಅರಮನೆಯ ಗೋಡೆಯೊಳಗೆ ಕಳೆದ. 1950ರ ನವೆಂಬರ್ 6ರಂದು ಬೇಟೆಗೆ ಹೋಗುತ್ತೇನೆಂದು ಮನೆಯವರ ಜೊತೆ ಕಾರು ಹತ್ತಿದ. ದಾರಿಯಲ್ಲಿ ಭಾರತದ ರಾಯಭಾರ ಕಚೇರಿಯ ಗೇಟಿನೊಳಗೆ ಕಾರು ತಿರುಗಿಸಿಬಿಟ್ಟ. ಪ್ರಧಾನಿ ಮೋಹನ್ ಶಂಶೇರ್ ಮರುದಿನವೇ ಅರಮನೆಯಲ್ಲಿ ಉಳಿದಿದ್ದ, ತ್ರಿಭುವನನ ಮೂರು ವರ್ಷದ ಮೊಮ್ಮಗ ಜ್ಞಾನೇಂದ್ರನ ತಲೆಗೆ ಕಿರೀಟ ಇಟ್ಟ. ಕೂಸು ರಾಜ, ಪಕ್ಕದಲ್ಲಿ ಮಂತ್ರಿ, ಮತ್ತೆ ಅದೇ. ಆದರೆ ಈ ಸಲ ಭಾರತ ಒಪ್ಪಲಿಲ್ಲ. ಗಡಿಯಲ್ಲಿ ನೇಪಾಳಿ ಕಾಂಗ್ರೆಸ್ಸಿನವರು ಬಂದೂಕು ಹಿಡಿದು ಎದ್ದಿದ್ದರು. ರಾಜ ತ್ರಿಭುವನ ದೆಹಲಿ ಸೇರಿದ್ದ, ರಾಜನ ಮೊಹರು ಮಂತ್ರಿಯ ಕೈ ತಪ್ಪಿತ್ತು. 1951ರ ಫೆಬ್ರವರಿ 18ರಂದು ರಾಣಾ ಆಳ್ವಿಕೆ ಮುಗಿಯಿತು. ಇನ್ನು ಕೆಲವು ತಿಂಗಳು ಜಂಟಿ ಸರ್ಕಾರದ ಪ್ರಧಾನಿಯಾಗಿದ್ದ ಮೋಹನ್ ಶಂಶೇರ್ ಆಮೇಲೆ ದೇಶ ಬಿಟ್ಟು ನಮ್ಮ ಬೆಂಗಳೂರಿಗೆ ಬಂದ. 1967ರಲ್ಲಿ ಇಲ್ಲೇ ತೀರಿಕೊಂಡ.